ಸಂಖ್ಯಾಶಾಸ್ತ್ರದಲ್ಲಿ ದ್ವಿವಚನ: ಜೋಡಿಗಳ ಅಧ್ಯಯನಪದ್ಧತಿಯ ವಿಮರ್ಶೆ

1

ಸಂಸ್ಕೃತ ವ್ಯಾಕರಣದಲ್ಲಿ ಏಕವಚನ ಬಹುವಚನಗಳ ನಡುವೆ ದ್ವಿವಚನವೆಂಬುದೊಂದುಂಟು. ಕನ್ನಡದಲ್ಲಿ ಅದಿಲ್ಲ; ಒಬ್ಬರನ್ನು ದಾಟಿದೊಡನೆ ನಾವು ಹಲವರಿಗೆ ಬಂದುಬಿಡುತ್ತೇವೆ. ಇದರಿಂದ ನಮ್ಮ ಭಾಷೆಗೆ ಯಾವ ಕೊರತೆಯೂ ಆಗಿಲ್ಲ. ಆದರೆ ಮನುಷ್ಯರನ್ನು ಅಳೆದು, ಎಣಿಸಿ, ಅವರ ವಿಷಯವಾಗಿ ನಿರ್ಣಯಗಳನ್ನು ಕೊಡುವ ಸಂಖ್ಯಾಶಾಸ್ತ್ರವೂ ಬಹುಕಾಲ ಈ ಎರಡೇ ವಚನಗಳಿಂದ ತನ್ನ ವ್ಯವಹಾರವನ್ನು ನಡೆಸಿಕೊಂಡು ಬಂದಿತು. ಒಂಟಿ ವ್ಯಕ್ತಿ ಅದಕ್ಕೆ ಗೊತ್ತು. ವ್ಯಕ್ತಿಗಳ ಸಮೂಹ ಗೊತ್ತು. ಗಂಡಹೆಂಡಿರು, ತಾಯಿಮಗು, ಗುರುಶಿಷ್ಯರು, ಇಬ್ಬರು ಗೆಳೆಯರು, ಹೀಗೆ ಇಬ್ಬರೇ ಕೂಡಿ ಆಗುವ ಘಟಕಕ್ಕೆ ಅದರಲ್ಲಿ ಪ್ರತ್ಯೇಕವಾದ ಸ್ಥಾನ ಬಹಳ ಕಾಲ ಸ್ಪಷ್ಟವಾಗಲಿಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಆ ಸ್ಥಾನವನ್ನು ಕಲ್ಪಿಸಿಕೊಡುವ ಪ್ರಯತ್ನ ವ್ಯವಸ್ಥಿತವಾಗಿ ನಡೆದಿದೆ. ಆ ಪ್ರಯತ್ನದ ಸಾಧನೆಯೇನು, ಅದರ ಮಿತಿಯೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ವಿಷಯ ಗಣಿತಜ್ಞರಿಗೆ ಮಾತ್ರ ಸೇರಿದ್ದೆಂದು ತಳ್ಳಿಬಿಡುವಂತಿಲ್ಲ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಗೃಹವಿಜ್ಞಾನ, ಸಮಾಜಕಾರ್ಯ ಮುಂತಾದ ಶಾಖೆಗಳಲ್ಲಿ ದಂಪತಿಗಳಿಂದಲೂ ಪೋಷಕರು ಮತ್ತು ಮಕ್ಕಳಿಂದಲೂ ಪ್ರಶ್ನಾವಳಿಗಳನ್ನು ತುಂಬಿಸಿ ಪ್ರಬಂಧಗಳನ್ನು ಬರೆಯುವುದು ಸಾಮಾನ್ಯವಾದ ಕೆಲಸವಾಗಿದೆ. ಅಂಥ ಪ್ರಬಂಧಗಳ ಫಲಿತಾಂಶಗಳು ಅಲ್ಲಿಗೇ ನಿಲ್ಲುವುದಿಲ್ಲ. ಸಲಹಾಕೇಂದ್ರಗಳ ಉಪದೇಶಕ್ಕೂ ಸರ್ಕಾರದ ಯೋಜನೆಗಳಿಗೂ ಆಧಾರವಾಗುತ್ತವೆ. ಇಬ್ಬರು ಕೊಟ್ಟ ಉತ್ತರಗಳಲ್ಲಿ ಒಬ್ಬರ ದನಿ ಲೆಕ್ಕದ ರೀತಿಯಿಂದಲೇ ಅಡಗಿಹೋಗುವಂತಿದ್ದರೆ, ಹಾಗೆ ಅಡಗಿದ ದನಿ ಯಾರದೆಂಬುದನ್ನು ಕೇಳುವ ಹಕ್ಕು ಎಲ್ಲ ಓದುಗರಿಗೂ ಇದೆ.

ಇಬ್ಬರ ಕೂಟವೆಂಬುದು ಸಣ್ಣದೊಂದು ಗುಂಪಲ್ಲ, ಅದು ಬೇರೆಯೇ ಜಾತಿಯ ವಸ್ತು ಎಂಬುದನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಜಿಮೆಲ್ ತನ್ನ 1908ರ ಗ್ರಂಥದಲ್ಲಿ ವಿವರಿಸಿದ್ದಾನೆ. ದೊಡ್ಡ ಗುಂಪಿನಲ್ಲಿ ಒಬ್ಬನು ಬಿಟ್ಟುಹೋದರೂ ಗುಂಪು ಉಳಿಯುತ್ತದೆ. ಜೋಡಿಯಲ್ಲಿ ಒಬ್ಬನು ಹೋದರೆ ಜೋಡಿಯೇ ಇಲ್ಲ. ಆದುದರಿಂದ ಜೋಡಿಯ ಅಸ್ತಿತ್ವ ಇಬ್ಬರಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಪೂರ್ತಿಯಾಗಿ ಇದೆ. ಮೂರನೆಯವನು ಸೇರಿದೊಡನೆ ಸಂಧಾನ, ಪಕ್ಷಪಾತ, ಬಹುಮತ ಇವುಗಳಿಗೆ ಅವಕಾಶವುಂಟಾಗಿ ಸ್ವಭಾವವೇ ಬದಲಾಗುತ್ತದೆ. ಜಿಮೆಲ್ ಇದನ್ನು ಲೆಕ್ಕದ ಮಾತಾಗಿ ಹೇಳಲಿಲ್ಲ. ಆದರೆ ಲೆಕ್ಕವು ಈ ಮಾತನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಸಂಖ್ಯಾಶಾಸ್ತ್ರದ ಚರಿತ್ರೆಯೇ ಸಾಕ್ಷಿಯಾಗಿದೆ.

2

ಆಶ್ಚರ್ಯದ ಸಂಗತಿಯೆಂದರೆ ಆಧುನಿಕ ಸಂಖ್ಯಾಶಾಸ್ತ್ರದ ಮುಖ್ಯವಾದ ಕಲ್ಪನೆಗಳು ಜೋಡಿಗಳ ಅಧ್ಯಯನದಿಂದಲೇ ಹುಟ್ಟಿದುವು. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಕೋಷ್ಟಕದಲ್ಲಿ 205 ತಂದೆತಾಯಿಗಳ ಮತ್ತು ಅವರ 928 ಮಂದಿ ವಯಸ್ಕ ಮಕ್ಕಳ ಎತ್ತರಗಳಿವೆ. ರಿಗ್ರೆಷನ್ ಎಂದು ಇಂದು ಹೆಸರಾಗಿರುವ ಹಿಂಚಲನೆಯ ತತ್ತ್ವ ಅಲ್ಲಿ ಸ್ಪಷ್ಟರೂಪಕ್ಕೆ ಬಂದಿತು. ಗಾಲ್ಟನ್ ಮಾಡಿದ್ದೇನೆಂದರೆ, ಸ್ತ್ರೀಯರ ಎತ್ತರವನ್ನೆಲ್ಲ 1.08ರಿಂದ ಗುಣಿಸಿ ಪುರುಷರ ಅಳತೆಗೆ ತಂದು, ತಾಯಿಯ ಹೀಗೆ ಮಾರ್ಪಟ್ಟ ಎತ್ತರವನ್ನು ತಂದೆಯ ಎತ್ತರದೊಡನೆ ಕೂಡಿಸಿ ಸರಾಸರಿ ತೆಗೆದನು. ತಂದೆಯೂ ಅಲ್ಲದ ತಾಯಿಯೂ ಅಲ್ಲದ ಒಬ್ಬ ಕಲ್ಪಿತ ‘ಮಧ್ಯಮ ಜನಕ’ನು ಹೀಗೆ ಸೃಷ್ಟಿಯಾದನು. ಎತ್ತರವಾದ ತಂದೆ ಗಿಡ್ಡ ತಾಯಿಯರ ಜೋಡಿಯೂ, ಇಬ್ಬರೂ ಸಾಧಾರಣ ಎತ್ತರದವರಾದ ಜೋಡಿಯೂ ಈ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತವೆ.

ಗಾಲ್ಟನ್ನನಿಗೆ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ತಂದೆತಾಯಿಗಳ ಎತ್ತರದಲ್ಲಿ ಅಂತರ ಹೆಚ್ಚಿರುವ ಮನೆಗಳಲ್ಲಿ ಮಕ್ಕಳ ಎತ್ತರ ಬೇರೆ ರೀತಿಯಾಗುತ್ತದೆಯೇ ಎಂದು ಅವನು ಪರೀಕ್ಷಿಸಿ ನೋಡಿ, ಹಾಗೇನೂ ಕಾಣದಿರಲಾಗಿ ಸರಾಸರಿಯನ್ನು ಸಮರ್ಥಿಸಿದನು. ಸರಾಸರಿ ತೆಗೆಯುವುದಕ್ಕೆ ಮೊದಲು ಅದಕ್ಕೆ ಅಧಿಕಾರವುಂಟೇ ಎಂದು ಕೇಳಿಕೊಂಡ ಈ ಎಚ್ಚರಿಕೆ ಮುಂದಿನ ಅನೇಕರಲ್ಲಿ ಉಳಿಯಲಿಲ್ಲ. ಆದರೆ ಇನ್ನೊಂದು ಕಡೆ ಗಾಲ್ಟನ್ನನೂ ಜಾಗರೂಕನಾಗಿರಲಿಲ್ಲ. ಎತ್ತರದ ಮಟ್ಟಿಗೆ ಗಂಡು ಹೆಣ್ಣುಗಳ ಆಯ್ಕೆ ಯಾದೃಚ್ಛಿಕವೆಂದೇ ಎಣಿಸಬಹುದೆಂದು ಅವನು ಭಾವಿಸಿದನು. 1903ರಲ್ಲಿ ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ ಸಾವಿರಕ್ಕೆ ಮಿಕ್ಕ ಕುಟುಂಬಗಳ ಅಳತೆಗಳಿಂದ ಗಂಡಹೆಂಡಿರ ಎತ್ತರಗಳ ಸಹಸಂಬಂಧಾಂಕ ಸುಮಾರು 0.28 ಎಂದು ತೋರಿಸಿದರು. ಎಂದರೆ, ಇಬ್ಬರು ಒಬ್ಬರನ್ನೊಬ್ಬರು ಅರಿಯುವುದಕ್ಕೆ ಮುಂಚೆಯೇ, ಜೋಡಿಯಾಗುವ ಕ್ರಿಯೆಯಲ್ಲಿಯೇ, ಅವರ ಅಂಕಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇದಲ್ಲದೆ 928 ಮಕ್ಕಳೂ 928 ಸ್ವತಂತ್ರ ಸಾಕ್ಷಿಗಳಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಅಕ್ಕತಂಗಿಯರು ಅವರಲ್ಲಿ ಸೇರಿದ್ದಾರೆ.

1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಬರೆದ ಗಾಸೆಟ್ 10 ಮಂದಿ ರೋಗಿಗಳಿಗೆ ಎರಡು ನಿದ್ರೌಷಧಗಳು ಕೊಟ್ಟ ಫಲವನ್ನು ಜೋಡಿಜೋಡಿಯಾಗಿ ಹೋಲಿಸಿದನು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುವ ಜೋಡಿ ಟಿ-ಪರೀಕ್ಷೆಯ ಮೂಲ ಅದು. ಅಲ್ಲಿ ಜೋಡಿಯೆಂಬುದು ಒಂದು ಉಪಾಯ ಮಾತ್ರ. ರೋಗಿರೋಗಿಗೂ ಇರುವ ವ್ಯತ್ಯಾಸವನ್ನು ಕಳೆದು ಔಷಧದ ಗುಣವನ್ನು ತಿಳಿಯುವುದಕ್ಕಾಗಿ ಜೋಡಿಯನ್ನು ಕಟ್ಟಿ, ಕಳೆದು, ಬಿಟ್ಟುಬಿಡುತ್ತೇವೆ. ದಾಂಪತ್ಯದ ಅಧ್ಯಯನದಲ್ಲಿಯಾದರೋ ಕಳೆದುಹಾಕಬೇಕಾದ ಆ ಸಂಬಂಧವೇ ತಿಳಿಯಬೇಕಾದ ವಸ್ತು. ಸಾಧನವಾದ ಜೋಡಿಗೂ ಸಾಧ್ಯವಾದ ಜೋಡಿಗೂ ಇರುವ ಈ ಭೇದವನ್ನು ಗಮನಿಸದೆ ಒಂದರ ಯಂತ್ರವನ್ನು ಇನ್ನೊಂದಕ್ಕೆ ಹೂಡಿದುದರಿಂದ ಬಹಳ ಗೊಂದಲವಾಗಿದೆ.

3

ರೂಢಿಯಲ್ಲಿರುವ ಮೂರು ಅಭ್ಯಾಸಗಳನ್ನು ಈಗ ಪರೀಕ್ಷಿಸೋಣ. ಮೊದಲನೆಯದು ಜೋಡಿಗಳನ್ನು ಬಿಚ್ಚಿ ಎಲ್ಲರನ್ನೂ ಒಂದೇ ರಾಶಿಗೆ ಹಾಕುವುದು. ನೂರು ದಂಪತಿಗಳನ್ನು ಪ್ರಶ್ನಿಸಿ ‘ಇನ್ನೂರು ಮಂದಿಯ ಅಧ್ಯಯನ’ವೆಂದು ಬರೆಯುವುದು ಈ ಜಾತಿಯದು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ನಡೆದ ದೂರವನ್ನು ಅಳೆದು, ಎರಡು ಬೇರೆ ಬೇರೆ ಎತ್ತುಗಳ ಸ್ವತಂತ್ರ ಸಾಕ್ಷ್ಯ ದೊರೆಯಿತೆಂದು ಹೇಳಿದಂತಾಯಿತು ಇದು. ಗಂಡಹೆಂಡಿರ ಉತ್ತರಗಳ ನಡುವೆ 0.5ರಷ್ಟು ಸಹಸಂಬಂಧವಿದ್ದರೆ, ಒಟ್ಟು ಸರಾಸರಿಯನ್ನು ತಿಳಿಯುವ ಮಟ್ಟಿಗೆ ಆ ಇನ್ನೂರು ಉತ್ತರಗಳ ತೂಕ 200ನ್ನು 1.5ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 133 ಸ್ವತಂತ್ರ ಉತ್ತರಗಳ ತೂಕ. ಉಳಿದ 67 ಉತ್ತರಗಳು ಹೊಸದಾಗಿ ಏನನ್ನೂ ಹೇಳುವುದಿಲ್ಲ.

ಇದರ ಫಲವಾಗಿ ಬರುವ ತಪ್ಪು ಒಂದೇ ದಿಕ್ಕಿನದಲ್ಲವೆಂಬುದನ್ನು ಪಠ್ಯಪುಸ್ತಕಗಳು ಸಾಕಷ್ಟು ಒತ್ತಿಹೇಳುವುದಿಲ್ಲ. ಹಳ್ಳಿಯ ದಂಪತಿಗಳಿಗೂ ಪಟ್ಟಣದ ದಂಪತಿಗಳಿಗೂ ತೃಪ್ತಿಯಲ್ಲಿ ವ್ಯತ್ಯಾಸವುಂಟೇ ಎಂಬ ಪ್ರಶ್ನೆಯಲ್ಲಿ ಹೋಲಿಕೆ ಜೋಡಿಜೋಡಿಗಳ ನಡುವಿನದು. ಇಲ್ಲಿ ಮೇಲಿನ 0.5ರ ಸಹಸಂಬಂಧವನ್ನು ಮರೆತು ಲೆಕ್ಕಹಾಕಿದರೆ, ನೂರಕ್ಕೆ 5 ಸಲ ಮಾತ್ರ ತಪ್ಪುತ್ತೇನೆಂದು ಮಾತುಕೊಟ್ಟ ಪರೀಕ್ಷೆ ವಾಸ್ತವವಾಗಿ ಸುಮಾರು 11 ಸಲ ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಸಾರುತ್ತದೆ. ಗಂಡಂದಿರಿಗೂ ಹೆಂಡಂದಿರಿಗೂ ವ್ಯತ್ಯಾಸವುಂಟೇ ಎಂಬ ಪ್ರಶ್ನೆಯಲ್ಲಿ ಹೋಲಿಕೆ ಜೋಡಿಯ ಒಳಗಿನದು. ಇಲ್ಲಿ ಅದೇ ಮರೆವು ತಪ್ಪು ಘೋಷಣೆಗಳನ್ನು ನೂರಕ್ಕೆ 1ಕ್ಕಿಂತಲೂ ಕಡಮೆಮಾಡುತ್ತದೆ. ಇದು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಪರೀಕ್ಷೆ ಅಷ್ಟು ಮೊಂಡಾದಾಗ ನಿಜವಾಗಿ ಇರುವ ವ್ಯತ್ಯಾಸವೂ ಅದರ ಕಣ್ಣಿಗೆ ಬೀಳುವುದಿಲ್ಲ. ಊರುಗಳ ನಡುವೆ ಇಲ್ಲದ ಭೇದ ಕಾಣಿಸುತ್ತದೆ, ಮನೆಯೊಳಗೆ ಗಂಡಿಗೂ ಹೆಣ್ಣಿಗೂ ಇರುವ ಭೇದ ಮರೆಯಾಗುತ್ತದೆ. ಈ ಎರಡನೆಯ ತಪ್ಪಿನ ಭಾರವನ್ನು ಹೊರುವವರು ಯಾರೆಂದು ಹೇಳಬೇಕಾದ ಅಗತ್ಯವಿಲ್ಲ.

ಎರಡನೆಯ ಅಭ್ಯಾಸ ಸರಾಸರಿ. ದಾಂಪತ್ಯತೃಪ್ತಿಯ ಅಳತೆಯಲ್ಲಿ ಒಂದು ಮನೆಯ ಗಂಡನಿಗೆ 8, ಹೆಂಡತಿಗೆ 2 ಬಂದಿರಲಿ. ಇನ್ನೊಂದು ಮನೆಯಲ್ಲಿ ಇಬ್ಬರಿಗೂ 5 ಬಂದಿರಲಿ. ‘ದಂಪತಿಗಳ ಅಂಕ’ ಎರಡು ಕಡೆಯೂ 5. ಮೊದಲನೆಯ ಮನೆಯ ಹೆಂಡತಿ ತನ್ನ ಅಸಂತೋಷವನ್ನು ಬಾಯಿಬಿಟ್ಟು ಹೇಳಿದ್ದಾಳೆ. ಸಂಶೋಧಕನು ಅದನ್ನು ಬರೆದುಕೊಂಡೂ ಇದ್ದಾನೆ. ಕೋಷ್ಟಕಕ್ಕೆ ಬರುವ ವೇಳೆಗೆ ಆ ಮಾತು ಇಲ್ಲವಾಗಿದೆ. ಅವಳನ್ನು ಕೇಳದೆಯೇ ಇದ್ದ ಸಮೀಕ್ಷೆಗೂ, ಕೇಳಿ ಹೀಗೆ ಕರಗಿಸಿಬಿಟ್ಟ ಸಮೀಕ್ಷೆಗೂ ಫಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಮೂರನೆಯದು ವ್ಯತ್ಯಾಸದ ಅಂಕ. ಇಬ್ಬರ ಹೊಂದಾಣಿಕೆಯನ್ನು ಅಳೆಯುವೆವೆಂದು ಒಬ್ಬರ ಅಂಕದಿಂದ ಇನ್ನೊಬ್ಬರದನ್ನು ಕಳೆಯುವುದು ಇದರ ರೀತಿ. 9 ಮತ್ತು 8, 2 ಮತ್ತು 1, ಇವೆರಡು ಜೋಡಿಗಳ ವ್ಯತ್ಯಾಸ ಒಂದೇ. ಬಾಳು ಒಂದೇ ಅಲ್ಲ. ಈ ಅಭ್ಯಾಸದ ದೋಷವನ್ನು ಲೀ ಕ್ರಾನ್‌ಬಾಕ್ 1955ರಷ್ಟು ಹಿಂದೆಯೇ ಬಯಲುಮಾಡಿದನು. ಪರರನ್ನು ಅರಿಯುವ ಶಕ್ತಿಯೆಂದು ಆಗ ಅಳೆಯುತ್ತಿದ್ದ ಅಂಕದಲ್ಲಿ ಹಲವು ಬೇರೆ ಬೇರೆ ಅಂಶಗಳು ಕಲಸಿಹೋಗಿವೆಯೆಂದು ಅವನು ತೋರಿಸಿದನು. ಒಂದು ಊರಿನ ಗಂಡಂದಿರೆಲ್ಲ ಹೆಚ್ಚುಕಡಮೆ ಒಂದೇ ತರದ ಉತ್ತರ ಕೊಡುವವರಾಗಿದ್ದರೆ, ಆ ಸಾಮಾನ್ಯ ಗಂಡನ ಉತ್ತರವನ್ನು ಊಹಿಸಿದ ಹೆಂಗಸು ತನ್ನ ಗಂಡನನ್ನು ಚೆನ್ನಾಗಿ ಅರಿತವಳೆಂದು ಲೆಕ್ಕದಲ್ಲಿ ಬರುತ್ತಾಳೆ. ಇದನ್ನು ಪತ್ತೆಹಚ್ಚುವ ಸುಲಭವಾದ ಉಪಾಯವುಂಟು: ಒಬ್ಬಳ ಉತ್ತರವನ್ನು ಬೇರೊಬ್ಬಳ ಗಂಡನ ಉತ್ತರದೊಡನೆ ಚೀಟಿ ಎತ್ತಿ ಜೋಡಿಸಿ, ಅಂಥ ಹುಸಿ ಜೋಡಿಗಳಲ್ಲಿ ಎಷ್ಟು ಹೊಂದಾಣಿಕೆ ಬರುತ್ತದೆಂದು ನೋಡುವುದು. ನಿಜವಾದ ದಂಪತಿಗಳ ಹೊಂದಾಣಿಕೆ ಅದನ್ನು ಮೀರಿದ್ದರೆ ಮಾತ್ರ ಆ ಹೆಚ್ಚಳವನ್ನು ದಾಂಪತ್ಯಕ್ಕೆ ಸಲ್ಲಿಸಬಹುದು.

4

ಗಂಡಹೆಂಡಿರಲ್ಲಿ ಯಾರು ಯಾರೆಂಬುದು ಗೊತ್ತು. ಇಬ್ಬರು ಗೆಳತಿಯರಲ್ಲಿ ಅಥವಾ ಅವಳಿ ಹುಡುಗರಲ್ಲಿ ‘ಮೊದಲನೆಯವರು’ ಯಾರು? ಈ ಪ್ರಶ್ನೆ ಬಾಲಿಶವಾಗಿ ಕಂಡರೂ ಇದರ ಪರಿಣಾಮ ಸಣ್ಣದಲ್ಲ. ಮೂರು ಜೋಡಿ ಗೆಳತಿಯರ ಅಂಕಗಳು 3 ಮತ್ತು 5, 4 ಮತ್ತು 6, 7 ಮತ್ತು 9 ಎಂದಿರಲಿ. ಈ ಕ್ರಮದಲ್ಲಿ ಬರೆದುಕೊಂಡು ಪಿಯರ್ಸನ್ನನ ಸಹಸಂಬಂಧಾಂಕವನ್ನು ಲೆಕ್ಕಹಾಕಿದರೆ ಪೂರ್ಣ 1 ಬರುತ್ತದೆ. ನಡುವಿನ ಜೋಡಿಯನ್ನು ಮಾತ್ರ ತಿರುಗಿಸಿ 6 ಮತ್ತು 4 ಎಂದು ಬರೆದರೆ ಅದು ಸುಮಾರು 0.54ಕ್ಕೆ ಇಳಿಯುತ್ತದೆ. ಗೆಳತಿಯರು ಬದಲಾಗಲಿಲ್ಲ, ಅಂಕಗಳು ಬದಲಾಗಲಿಲ್ಲ, ಬರೆಯುವವನ ಕೈ ಮಾತ್ರ ಬದಲಾಯಿತು. ಪ್ರತಿಯೊಂದು ಜೋಡಿಯನ್ನೂ ಎರಡು ಕ್ರಮದಲ್ಲಿಯೂ ಒಂದೊಂದು ಸಲ ಬರೆದು ಲೆಕ್ಕಹಾಕುವ ‘ಅಂತರ್ವರ್ಗ ಸಹಸಂಬಂಧ’ ಈ ದೋಷಕ್ಕೆ ಪರಿಹಾರ. ಮೇಲಿನ ಅಂಕಗಳಿಗೆ ಅದರ ಬೆಲೆ ಸುಮಾರು 0.49. ಆರ್. ಎ. ಫಿಷರ್ 1925ರ ತನ್ನ ಗ್ರಂಥದಲ್ಲಿ ಈ ಅಳತೆಯನ್ನು ಒಂದು ಅಧ್ಯಾಯದ ವಿಷಯವಾಗಿ ಪ್ರತಿಪಾದಿಸಿದ್ದಾನೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೋಡಿಯವರು ಯಾವಾಗಲೂ ಒಬ್ಬರನ್ನೊಬ್ಬರು ಹೋಲುತ್ತಾರೆಂದೇನೂ ಇಲ್ಲ. ಮನೆಗೆಲಸದ ಹಂಚಿಕೆಯನ್ನು ತೆಗೆದುಕೊಂಡರೆ, ಒಬ್ಬರು ಹೆಚ್ಚು ಮಾಡಿದಷ್ಟೂ ಇನ್ನೊಬ್ಬರ ಪಾಲು ಕಡಮೆಯಾಗುವುದು ಸಹಜ. ಸಂಭಾಷಣೆಯಲ್ಲಿ ಒಬ್ಬರು ಮಾತಾಡಿದಷ್ಟೂ ಇನ್ನೊಬ್ಬರಿಗೆ ಸಮಯವಿಲ್ಲ. ಇಂಥ ಕಡೆ ಸಹಸಂಬಂಧ ಋಣವಾಗಿರುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬಹುಸ್ತರ ಮಾದರಿಗಳು ಜೋಡಿಯ ಸಾಮ್ಯವನ್ನು ಒಂದು ಸಾಮಾನ್ಯ ಮೂಲದಿಂದ ಬಂದ ಪ್ರಸರಣವೆಂದು ಎಣಿಸುತ್ತವೆ; ಪ್ರಸರಣವು ಸೊನ್ನೆಗಿಂತ ಕೆಳಗಿಳಿಯಲಾರದು. ಆದುದರಿಂದ ಗಣಕಯಂತ್ರವು ಋಣ ಸಹಸಂಬಂಧವನ್ನು ಸೊನ್ನೆಯೆಂದು ಬರೆದು ಸುಮ್ಮನಾಗುತ್ತದೆ. ಪೈಪೋಟಿಯ ಜೋಡಿಯನ್ನು ಪರಸ್ಪರ ಉದಾಸೀನರ ಜೋಡಿಯೆಂದು ತಿಳಿಯುವ ಈ ತಪ್ಪನ್ನು ತಪ್ಪಿಸಲು, ಉಳಿಕೆಗಳ ನಡುವಣ ಸಹಸಂಬಂಧವನ್ನೇ ನೇರವಾಗಿ ಅಂದಾಜುಮಾಡುವ ರೂಪವನ್ನು ಆರಿಸಿಕೊಳ್ಳಬೇಕು.

5

ಈ ಚದುರಿದ ಎಚ್ಚರಿಕೆಗಳನ್ನೆಲ್ಲ ಒಂದು ಶಾಸ್ತ್ರವಾಗಿ ಕಟ್ಟಿದ ಕೀರ್ತಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಕೆನಿಗೂ ಆತನ ಸಹೋದ್ಯೋಗಿಗಳಿಗೂ ಸಲ್ಲಬೇಕು. ಕೆನಿ, ಡೆಬೊರಾ ಕ್ಯಾಶಿ, ವಿಲಿಯಂ ಕುಕ್ ಈ ಮೂವರು ಸೇರಿ 2006ರಲ್ಲಿ ಪ್ರಕಟಿಸಿದ ‘ಡೈಯಾಡಿಕ್ ಡೇಟಾ ಅನಾಲಿಸಿಸ್’ ಎಂಬ ಗ್ರಂಥ ಈ ವಿಷಯದಲ್ಲಿ ಇಂದಿಗೂ ಮೊದಲು ಓದಬೇಕಾದ ಪುಸ್ತಕ. ಅದರ ಕೇಂದ್ರದಲ್ಲಿರುವುದು ‘ಕರ್ತೃಸಂಗಾತಿ ಪರಸ್ಪರಾವಲಂಬನ ಮಾದರಿ’ ಎಂದು ನಾವು ಕರೆಯಬಹುದಾದ ಒಂದು ಸರಳವಾದ ರಚನೆ. ಗಂಡನ ತೃಪ್ತಿಗೆ ಒಂದು ಸಮೀಕರಣ, ಹೆಂಡತಿಯ ತೃಪ್ತಿಗೆ ಒಂದು ಸಮೀಕರಣ. ಪ್ರತಿಯೊಂದರಲ್ಲಿಯೂ ಆ ವ್ಯಕ್ತಿಯ ಸ್ವಂತ ಗುಣದಿಂದ ಬರುವ ‘ಸ್ವಪರಿಣಾಮ’ವೂ, ಎದುರಿನವರ ಗುಣದಿಂದ ಬರುವ ‘ಸಂಗಾತಿಪರಿಣಾಮ’ವೂ ಬೇರೆ ಬೇರೆಯಾಗಿ ಇರುತ್ತವೆ. ಎರಡು ಸಮೀಕರಣಗಳ ಉಳಿಕೆಗಳು ಒಂದಕ್ಕೊಂದು ಸಂಬಂಧಿಸಿರಲು ಅವಕಾಶವಿರುತ್ತದೆ. ಹೆಂಡತಿಯ ದುಡಿಮೆಯ ದಣಿವು ಅವಳ ತೃಪ್ತಿಯನ್ನು ಎಷ್ಟು ಕುಗ್ಗಿಸುತ್ತದೆ, ಗಂಡನ ತೃಪ್ತಿಯನ್ನು ಎಷ್ಟು ಕುಗ್ಗಿಸುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳು ದೊರೆಯುತ್ತವೆ.

ಈ ಮಾದರಿಯ ನಿಜವಾದ ಹಿರಿಮೆಯೇನೆಂದರೆ, ಹಿಂದೆ ಹೇಳಿದ ಅಭ್ಯಾಸಗಳೆಲ್ಲ ಇದರೊಳಗೆ ವಿಶೇಷ ಪ್ರಸಂಗಗಳಾಗಿ ಅಡಗಿವೆ. ಸಂಗಾತಿಪರಿಣಾಮವೂ ಸ್ವಪರಿಣಾಮವೂ ಸಮವಾಗಿದ್ದರೆ ಇಬ್ಬರ ಗುಣಗಳ ಮೊತ್ತವೇ ಅಥವಾ ಸರಾಸರಿಯೇ ಸಾಕು. ಎರಡೂ ಸಮವಾಗಿದ್ದು ವಿರುದ್ಧ ಚಿಹ್ನೆಯವಾದರೆ ವ್ಯತ್ಯಾಸದ ಅಂಕ ಸಾಕು. ಸಂಗಾತಿಪರಿಣಾಮ ಸೊನ್ನೆಯಾಗಿದ್ದು ಉಳಿಕೆಗಳಿಗೂ ಸಂಬಂಧವಿಲ್ಲದಿದ್ದರೆ ಎಲ್ಲರನ್ನೂ ಒಂದೇ ರಾಶಿಗೆ ಹಾಕಿದುದರಿಂದಲೂ ಹಾನಿಯಿಲ್ಲ. ಹಿಂದಿನವರು ಕೇಳದೆ ಊಹಿಸಿಕೊಂಡದ್ದನ್ನು ಈಗ ದತ್ತಾಂಶವನ್ನೇ ಕೇಳಿ ತಿಳಿಯಬಹುದಾಯಿತು. ಕೆನಿ ಮತ್ತು ಲೆಡರ್ಮನ್ 2010ರಲ್ಲಿ ಸಂಗಾತಿಪರಿಣಾಮವನ್ನು ಸ್ವಪರಿಣಾಮದಿಂದ ಭಾಗಿಸಿ ಬರುವ ಪ್ರಮಾಣವೊಂದನ್ನು ಇದಕ್ಕಾಗಿಯೇ ಸೂಚಿಸಿದರು. ಅದು 1ರ ಬಳಿ ಇದ್ದರೆ ಮೊದಲನೆಯ ಪ್ರಸಂಗ, ಋಣ 1ರ ಬಳಿ ಇದ್ದರೆ ಎರಡನೆಯದು, 0ಯ ಬಳಿ ಇದ್ದರೆ ಸಂಗಾತಿಯ ಪ್ರಭಾವವಿಲ್ಲವೆಂದು ಅರ್ಥ. ಸ್ವಪರಿಣಾಮವೇ ಸೊನ್ನೆಗೆ ಸಮೀಪವಾಗಿದ್ದಾಗ ಮಾತ್ರ ಈ ಭಾಗಾಕಾರ ಅರ್ಥಹೀನವಾಗುತ್ತದೆಂಬುದನ್ನು ಬಳಸುವವರು ನೆನಪಿಡಬೇಕು.

6

ಇಷ್ಟು ಪ್ರಶಂಸೆಗೆ ಅರ್ಹವಾದ ಮಾದರಿಯ ಬಳಕೆಯಲ್ಲಿ ನಾವು ಒಪ್ಪಲಾರದ ಸಂಗತಿಗಳೂ ಉಂಟು. ಮೊದಲನೆಯದು ‘ಪರಿಣಾಮ’ವೆಂಬ ಹೆಸರು. ಒಂದೇ ದಿನ ಒಂದೇ ಪ್ರಶ್ನಾವಳಿಯಿಂದ ಪಡೆದ ಉತ್ತರಗಳಲ್ಲಿ ಯಾವುದು ಕಾರಣ ಯಾವುದು ಕಾರ್ಯ ಎಂಬುದು ಬರೆದಿರುವುದಿಲ್ಲ. ಹೆಂಡತಿಯ ಖಿನ್ನತೆಗೂ ಗಂಡನ ಅತೃಪ್ತಿಗೂ ಸಂಬಂಧ ಕಂಡರೆ ಅವಳ ಖಿನ್ನತೆ ಅವನನ್ನು ಬಾಧಿಸಿರಬಹುದು. ಅವನ ಅತೃಪ್ತಿ ಅವಳನ್ನು ಖಿನ್ನಳನ್ನಾಗಿ ಮಾಡಿರಬಹುದು. ಮಳೆ ತಪ್ಪಿ ಬೆಳೆ ಹೋಗಿ ಮನೆಗೆ ಬಂದ ಸಾಲ ಇಬ್ಬರನ್ನೂ ಒಟ್ಟಿಗೆ ಕುಗ್ಗಿಸಿರಬಹುದು. ಮೂರನೆಯ ಸಂದರ್ಭಕ್ಕಾಗಿ ‘ಸಮಾನ ವಿಧಿ’ ಎಂಬ ಬೇರೊಂದು ಮಾದರಿಯನ್ನು ಕೆನಿ ಮತ್ತು ಲಾವೋಯ್ 1985ರಲ್ಲಿ ರೂಪಿಸಿದರು. 2012ರಲ್ಲಿ ಲೆಡರ್ಮನ್ ಮತ್ತು ಕೆನಿ ಅದನ್ನು ಮತ್ತೆ ವಿವರಿಸಿದರು. ಅದರಲ್ಲಿ ಸಾಲವೆಂಬುದು ಜೋಡಿಗೇ ಸೇರಿದ ಗುಣ. ಇಬ್ಬರ ಉತ್ತರಗಳು ಅದರ ಎರಡು ಸೂಚಕಗಳು ಮಾತ್ರ. ಈ ಎರಡು ಮಾದರಿಗಳಲ್ಲಿ ಯಾವುದು ತಕ್ಕದ್ದೆಂಬುದನ್ನು ವಿಷಯದ ಸ್ವರೂಪ ನಿರ್ಧರಿಸಬೇಕು. ಕೈಗೆ ಅಭ್ಯಾಸವಾದ ಮಾದರಿಯನ್ನು ಎಲ್ಲದಕ್ಕೂ ಹೂಡುವುದು ವಿಚಾರವಲ್ಲ, ರೂಢಿ.

ಎರಡನೆಯದಾಗಿ, ಸ್ವಪರಿಣಾಮವು ಸಂಗಾತಿಪರಿಣಾಮಕ್ಕಿಂತ ದೊಡ್ಡದಾಗಿ ಕಾಣುವುದರಲ್ಲಿ ಒಂದು ಪಾಲು ಅಳತೆಯ ರೀತಿಯಿಂದಲೇ ಬಂದಿರುತ್ತದೆ. ತನ್ನ ಸ್ವಭಾವವನ್ನೂ ತನ್ನ ತೃಪ್ತಿಯನ್ನೂ ಒಬ್ಬರೇ ಹೇಳಿದಾಗ, ಎಲ್ಲವನ್ನೂ ಚೆನ್ನಾಗಿದೆಯೆನ್ನುವ ಅಥವಾ ಎಲ್ಲದರಲ್ಲಿಯೂ ಕುಂದು ಕಾಣುವ ಅವರ ಪ್ರವೃತ್ತಿ ಎರಡು ಉತ್ತರಗಳನ್ನೂ ಒಂದೇ ಕಡೆಗೆ ಎಳೆಯುತ್ತದೆ. ಸಂಗಾತಿಪರಿಣಾಮದಲ್ಲಿ ಈ ಎಳೆತವಿಲ್ಲ, ಏಕೆಂದರೆ ಅಲ್ಲಿ ಇಬ್ಬರ ಬಾಯಿಂದ ಬಂದ ಉತ್ತರಗಳು ಸೇರುತ್ತವೆ. ಆದುದರಿಂದ ‘ಮನುಷ್ಯನ ಸುಖ ಅವನ ಸ್ವಭಾವದಲ್ಲಿಯೇ ಇದೆ, ಸಂಗಾತಿಯ ಪಾತ್ರ ಅಲ್ಪ’ ಎಂಬ ಸಿದ್ಧಾಂತವನ್ನು ಕಟ್ಟುವ ಮುನ್ನ ಪ್ರತಿಯೊಬ್ಬರ ಗುಣವನ್ನೂ ಸಂಗಾತಿಯಿಂದ ಅಥವಾ ಮೂರನೆಯವರಿಂದಲೂ ಅಳೆಯಿಸಿ ನೋಡಬೇಕು.

ಮೂರನೆಯದು ಬಹಳ ಸಾಮಾನ್ಯವಾದ ತರ್ಕದೋಷ. ಕಲ್ಪಿತವಾದ ಒಂದು ಉದಾಹರಣೆಯಲ್ಲಿ ಹೆಂಡತಿಯಿಂದ ಗಂಡನಿಗೆ ಬರುವ ಪರಿಣಾಮ 0.25, ಗಂಡನಿಂದ ಹೆಂಡತಿಗೆ ಬರುವುದು 0.12, ಎರಡರ ಪ್ರಮಾಣದೋಷವೂ 0.10 ಎಂದಿರಲಿ. ಮೊದಲನೆಯದು ಸಾರ್ಥಕವೆಂದೂ ಎರಡನೆಯದು ಸಾರ್ಥಕವಲ್ಲವೆಂದೂ ಪರೀಕ್ಷೆ ಹೇಳುತ್ತದೆ. ಕೂಡಲೇ ‘ಹೆಂಡತಿಯೇ ಗಂಡನನ್ನು ಪ್ರಭಾವಿಸುತ್ತಾಳೆ, ಗಂಡನು ಹೆಂಡತಿಯನ್ನಲ್ಲ’ ಎಂದು ಬರೆದುಬಿಡುತ್ತಾರೆ. ಆದರೆ ಎರಡರ ನಡುವಿನ ವ್ಯತ್ಯಾಸ 0.13, ಎರಡು ಅಂದಾಜುಗಳೂ ಸ್ವತಂತ್ರವೆಂದುಕೊಂಡರೆ ಅದರ ಪ್ರಮಾಣದೋಷ ಸುಮಾರು 0.14. ವ್ಯತ್ಯಾಸವು ತನ್ನ ದೋಷಕ್ಕಿಂತಲೂ ಚಿಕ್ಕದಾಯಿತು. ಸಾರ್ಥಕವಾದುದಕ್ಕೂ ಆಗದುದಕ್ಕೂ ಇರುವ ಅಂತರ ತಾನೇ ಸಾರ್ಥಕವಾಗಿರಬೇಕಿಲ್ಲವೆಂದು ಗೆಲ್ಮನ್ ಮತ್ತು ಸ್ಟರ್ನ್ 2006ರಲ್ಲಿ ಎಚ್ಚರಿಸಿದ್ದು ಎಲ್ಲ ಶಾಖೆಗಳಿಗೂ ಅನ್ವಯಿಸುತ್ತದೆ. ಆದರೆ ಗಂಡುಹೆಣ್ಣುಗಳ ಸ್ವಭಾವವನ್ನು ಕುರಿತು ನಾಳೆಯೇ ಗಾದೆಯಾಗಬಲ್ಲ ವಾಕ್ಯಗಳನ್ನು ಬರೆಯುವ ಶಾಖೆಗೆ ವಿಶೇಷವಾಗಿ ಅನ್ವಯಿಸುತ್ತದೆ.

ನಾಲ್ಕನೆಯದು ಕಾಲದ ವಿಷಯ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಬಲ್ಲ ನಮ್ಮ ಜನ ಒಂದು ದಿನದ ಅಳತೆಯನ್ನು ದಾಂಪತ್ಯದ ಅಳತೆಯೆಂದು ನಂಬಲಾರರು. ದಿನದಿನವೂ ಇಬ್ಬರಿಂದಲೂ ದಿನಚರಿ ಬರೆಸಿ, ನಿನ್ನೆಯ ಒಬ್ಬರ ಮನಃಸ್ಥಿತಿ ಇಂದಿನ ಇನ್ನೊಬ್ಬರ ಮನಃಸ್ಥಿತಿಗೆ ಹೇಗೆ ಹೊಂದುತ್ತದೆಂದು ನೋಡುವ ಕ್ರಮ ಈಗ ಬೆಳೆದಿದೆ. ಇದು ಉತ್ತಮವಾದ ಮಾರ್ಗ. ಆದರೂ ಮುಂದೆ ಹೋದದ್ದೆಲ್ಲ ಕಾರಣವಾಗುವುದಿಲ್ಲವೆಂಬ ಹಳೆಯ ನ್ಯಾಯ ಇಲ್ಲಿಯೂ ಉಂಟು. ಇನ್ನು ಕೆಲವರ ಸಾಹಸ ಭವಿಷ್ಯವನ್ನೇ ಹೇಳುವಷ್ಟು ದೂರ ಹೋಗಿದೆ. ಯಾವ ದಂಪತಿಗಳು ವಿಚ್ಛೇದನ ಪಡೆಯುವರೆಂಬುದನ್ನು ಹೆಚ್ಚಿನ ಖಚಿತತೆಯಿಂದ ಹೇಳಬಲ್ಲೆವೆಂಬ ಪ್ರಕಟಣೆಗಳನ್ನು ಹೇಮನ್ ಮತ್ತು ಸ್ಲೆಪ್ 2001ರಲ್ಲಿ ಪರಿಶೀಲಿಸಿದರು. ಯಾವ ದಂಪತಿಗಳ ಅಂಕಗಳಿಂದ ಸೂತ್ರವನ್ನು ಕಟ್ಟಿದೆಯೋ ಅವರ ಮೇಲೆಯೇ ಅದನ್ನು ಪರೀಕ್ಷಿಸಿದರೆ ಅದು ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ; ಹೊಸ ದಂಪತಿಗಳಿಗೆ ಅನ್ವಯಿಸಿದಾಗ ಅದರ ಶಕ್ತಿ ಬಹಳ ಕುಗ್ಗುತ್ತದೆಂದು ಅವರು ತೋರಿಸಿದರು. ಉತ್ತರವನ್ನು ನೋಡಿಕೊಂಡು ಬರೆದ ಪ್ರಶ್ನೆಪತ್ರಿಕೆಯಲ್ಲಿ ಉತ್ತೀರ್ಣನಾದವನನ್ನು ಯಾವ ಅಧ್ಯಾಪಕನೂ ಜಾಣನೆನ್ನುವುದಿಲ್ಲ.

7

ಕೊನೆಯದಾಗಿ ನಮ್ಮ ದೇಶದ ಸಂದರ್ಭವನ್ನು ನೋಡೋಣ. 1992-93ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಎರಡು ಸುತ್ತುಗಳಲ್ಲಿ ವೈಯಕ್ತಿಕ ಪ್ರಶ್ನಾವಳಿ ಮಹಿಳೆಯರಿಗೆ ಮಾತ್ರ ಮೀಸಲಾಗಿತ್ತು. 2005-06ರ ಮೂರನೆಯ ಸುತ್ತಿನಿಂದ ಪುರುಷರನ್ನೂ ಪ್ರತ್ಯೇಕವಾಗಿ ಪ್ರಶ್ನಿಸತೊಡಗಿದರು. ಹೀಗಾಗಿ ಒಂದೇ ಮನೆಯ ಗಂಡನ ಉತ್ತರವನ್ನು ಹೆಂಡತಿಯ ಉತ್ತರದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಹಾಗೆ ನೋಡಿದಾಗ ಇಬ್ಬರ ಹೇಳಿಕೆಗಳು ಎಲ್ಲ ಕಡೆಯೂ ಕೂಡಿಬರುವುದಿಲ್ಲ. ಇಂಥ ಭಿನ್ನತೆಯನ್ನು ಅಳತೆಯ ದೋಷವೆಂದು ಎಣಿಸಿ, ಒಬ್ಬರ ಉತ್ತರವನ್ನು ಸತ್ಯವೆಂದು ಉಳಿಸಿ ಇನ್ನೊಬ್ಬರದನ್ನು ಬಿಡುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಆ ಭಿನ್ನತೆಯೇ ದತ್ತಾಂಶದ ಅತ್ಯಂತ ಬೆಲೆಬಾಳುವ ಭಾಗ. ಮನೆಯ ದೊಡ್ಡ ಖರ್ಚನ್ನು ಇಬ್ಬರೂ ಸೇರಿ ನಿರ್ಧರಿಸುತ್ತೇವೆಂದು ಒಬ್ಬರೂ, ಹಾಗಿಲ್ಲವೆಂದು ಇನ್ನೊಬ್ಬರೂ ಹೇಳುವ ಮನೆ, ಇಬ್ಬರೂ ಒಂದೇ ಮಾತು ಹೇಳುವ ಮನೆಗಿಂತ ಬೇರೆಯಾದುದು. ಅದನ್ನು ಬೇರೆಯೆಂದೇ ಎಣಿಸಬೇಕು.

ಜೋಡಿಯೆಂಬ ಕಲ್ಪನೆಯ ಮಿತಿಯೂ ಇಲ್ಲಿಯೇ ತಿಳಿದುಬರುತ್ತದೆ. ಅತ್ತೆ, ಮಾವ, ನಾದಿನಿ, ಮೈದುನರಿರುವ ಮನೆಯಿಂದ ಗಂಡಹೆಂಡಿರಿಬ್ಬರನ್ನು ಮಾತ್ರ ಕತ್ತರಿಸಿ ತೆಗೆದು ಮಾದರಿಗೆ ಹಾಕಿದರೆ, ಅತ್ತೆಯ ಮಾತಿನಿಂದ ಸೊಸೆಗೂ ಮಗನಿಗೂ ಆದುದೆಲ್ಲ ಅವರಿಬ್ಬರ ಪರಸ್ಪರ ಪರಿಣಾಮವೆಂದು ಲೆಕ್ಕಕ್ಕೆ ಬರುತ್ತದೆ. ಮೂರನೆಯವರು ಬಂದೊಡನೆ ಸ್ವಭಾವವೇ ಬದಲಾಗುವುದೆಂದ ಜಿಮೆಲ್‌ನ ಮಾತು ಇಲ್ಲಿ ಲೆಕ್ಕಕ್ಕೂ ತಾಗುತ್ತದೆ. ಪ್ರತಿಯೊಬ್ಬರೂ ಪ್ರತಿಯೊಬ್ಬರ ವಿಷಯವಾಗಿ ಹೇಳಿದುದನ್ನು ಕಲೆಹಾಕಿ, ಹೇಳುವವರ ಸ್ವಭಾವ, ಹೇಳಿಸಿಕೊಂಡವರ ಸ್ವಭಾವ, ಆ ಇಬ್ಬರ ವಿಶಿಷ್ಟ ಸಂಬಂಧ ಎಂದು ಮೂರು ಪಾಲುಮಾಡುವ ಒಂದು ಮಾದರಿ ಇದೆ. ಅದರ ಮೂಲ 1979ರಲ್ಲಿ ವಾರ್ನರ್, ಕೆನಿ, ಸ್ಟೋಟೊ ಇವರು ಪ್ರಕಟಿಸಿದ ಲೇಖನ. ‘ಸಾಮಾಜಿಕ ಸಂಬಂಧಗಳ ಮಾದರಿ’ಯೆಂದು ಅದನ್ನು ಕರೆಯಬಹುದು. ಕೂಡುಕುಟುಂಬದ ಅಧ್ಯಯನಕ್ಕೆ ಇದು ಹೆಚ್ಚು ಹೊಂದುವಂಥದು. ಶ್ರಮ ಹೆಚ್ಚು, ಪ್ರಶ್ನೆಗಳು ಹೆಚ್ಚು, ಎಲ್ಲರನ್ನೂ ಪ್ರತ್ಯೇಕವಾಗಿ ಕೂರಿಸಿ ಕೇಳುವ ಕಷ್ಟ ಹೆಚ್ಚು ಎಂಬುದು ನಿಜ. ಆದರೆ ವಸ್ತುವು ಬೇಡುವ ಶ್ರಮವನ್ನು ಬೇರೆ ದೇಶದ ಇಬ್ಬರ ಸಂಸಾರಕ್ಕಾಗಿ ಹೊಲಿದ ಅಂಗಿಯನ್ನು ತೊಡಿಸಿ ತಪ್ಪಿಸಿಕೊಳ್ಳಲಾಗದು.

ಇದಲ್ಲದೆ, ಇಬ್ಬರೂ ಒಪ್ಪಿ ಉತ್ತರಿಸಿದ ಜೋಡಿಗಳು ಮಾತ್ರ ಇಂಥ ಅಧ್ಯಯನಕ್ಕೆ ಸಿಗುತ್ತವೆ. ಗಂಡನು ದೂರದ ಊರಿಗೆ ಕೂಲಿಗೆ ಹೋಗಿರುವ ಮನೆ, ಹೆಂಡತಿಗೆ ಮಾತಾಡಲು ಅನುಮತಿಯಿಲ್ಲದ ಮನೆ, ಆಗಲೇ ಮುರಿದುಬಿದ್ದ ಮನೆ, ಇವು ಕೋಷ್ಟಕದಲ್ಲಿ ಕಾಣುವುದಿಲ್ಲ. ಬಹುಶಃ ನಾವು ಹೆಚ್ಚು ತಿಳಿಯಬೇಕಾದ ಜೋಡಿಗಳು ಅವೇ. ಎಂಥ ಸೂಕ್ಷ್ಮ ಸಮೀಕರಣವೂ ಬಾರದವರ ಪರವಾಗಿ ಮಾತಾಡಲಾರದು. ಎಷ್ಟು ಜೋಡಿಗಳಲ್ಲಿ ಒಬ್ಬರು ಮಾತ್ರ ದೊರೆತರು, ದೊರೆಯದವರು ಯಾರು ಎಂಬುದನ್ನು ಬರೆಯುವುದಾದರೂ ಸಂಶೋಧಕನ ಕೈಯಲ್ಲಿದೆ.

ಆದುದರಿಂದ ಜೋಡಿಗಳನ್ನು ಕುರಿತ ಪ್ರಬಂಧವೊಂದರಿಂದ ಓದುಗನು ಕೆಲವನ್ನು ಕೇಳಿಯೇ ಕೇಳಬೇಕು. ಜೋಡಿಗಳೆಷ್ಟು, ವ್ಯಕ್ತಿಗಳೆಷ್ಟು ಎಂಬುದು ಪ್ರತ್ಯೇಕವಾಗಿ ಬಂದಿದೆಯೇ. ಇಬ್ಬರ ಅಂಕಗಳ ಸಹಸಂಬಂಧವನ್ನು, ಅದು ಋಣವಾದರೂ, ಹೇಳಿದೆಯೇ. ಸರಾಸರಿಯನ್ನೋ ವ್ಯತ್ಯಾಸವನ್ನೋ ತೆಗೆದಿದ್ದರೆ ಅದಕ್ಕೆ ಆಧಾರವನ್ನು ಪರೀಕ್ಷಿಸಿ ತೋರಿಸಿದೆಯೇ. ಗಂಡುಹೆಣ್ಣುಗಳ ಭೇದವನ್ನು ಸಾರುವ ಮುನ್ನ ಭೇದವನ್ನೇ ಪರೀಕ್ಷಿಸಿದೆಯೇ. ಇಬ್ಬರನ್ನೂ ಬೇರೆ ಬೇರೆಯಾಗಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಕೇಳಿದೆಯೇ. ಇವುಗಳಲ್ಲಿ ಕೊನೆಯದಕ್ಕೆ ಯಾವ ಗಣಕಯಂತ್ರವೂ ಬೇಕಿಲ್ಲ. ಆದರೆ ಅದೊಂದು ತಪ್ಪಿದರೆ ಉಳಿದ ನಾಲ್ಕು ಸರಿಯಾಗಿದ್ದೂ ಪ್ರಯೋಜನವಿಲ್ಲ. ಒಬ್ಬರ ಉತ್ತರವನ್ನೇ ಎರಡು ಸಲ ಬರೆದುಕೊಂಡು ಅದಕ್ಕೆ ಸೂಕ್ಷ್ಮವಾದ ಲೆಕ್ಕವನ್ನು ಮಾಡಿದಂತಾಗುತ್ತದೆ.